ನಡುವಿನ ಸಂದು

ಫೆಬ್ರವರಿ 3, ಶನಿವಾರ. ಬೆಳಿಗ್ಗೆ

ಶೆಡ್ಡಿನ ಬಾಗಿಲು ಚಳಿಗೆ ಕಚ್ಚಿಕೊಂಡಿತ್ತು. ಒದ್ದೇ ತೆಗೆದೆ. ಸ್ಟೋವ್ ಹಚ್ಚಿ ಶನಿವಾರದ ಎಣ್ಣೆ ಕೆಲಸ. ಹಳೆಯ ಬನಿಯನ್ನಿನ ತುಂಡು, ಕ್ಯಾಮೆಲಿಯ ಎಣ್ಣೆ, ನಲವತ್ತು ಗರಗಸ. ಎಲ್ಲ ಒಂದೇ ಜಾತಿ — ದಿಮ್ಮಿಯನ್ನು ಉದ್ದಕ್ಕೆ ಸೀಳಿ ಹಲಗೆ ತೆಗೆಯಲು ಒಬ್ಬನೇ ಎಳೆಯುತ್ತಿದ್ದ ಅಗಲದ ದೊಡ್ಡ ಗರಗಸ. ಮೆಷಿನ್ ಬಂದ ಮೇಲೆ ನಮ್ಮ ಕೊಕಾ ಸೀಮೆಯ ಬೆಟ್ಟಗಳಲ್ಲಿ ಇವನ್ನು ಕೇಳುವವರಿಲ್ಲ. ನಮ್ಮಿಬ್ಬರನ್ನು ಬಿಟ್ಟು, ನಾನು ಮತ್ತು ಕುಜೆ.

ಎಣ್ಣೆ ಹಚ್ಚುವಾಗ ಒಂದೊಂದನ್ನೂ ಹೆಸರು ಹಿಡಿದು ಮಾತಾಡಿಸುವುದು ಕುಜೆಯವರ ಚಾಳಿ. ಇವತ್ತು ಅವರಿಲ್ಲ. ನಾನೇ ಮಾತಾಡಿಸಿದೆ. ಮೊಂಡನಿಗೆ ಎರಡು ಮಾತು ಜಾಸ್ತಿ — ಯಾವ ಕಾಲದ್ದೋ, ಯಾರು ಮಾಡಿದ್ದೋ ಗೊತ್ತಿಲ್ಲದ, ಮೂತಿ ಮುರಿದ ಗರಗಸ. ಅಭ್ಯಾಸಕ್ಕೆ ಮಾತ್ರ ಇಟ್ಟುಕೊಂಡದ್ದು.

ಕುಜೆ ನಿನ್ನೆ ಆಸ್ಪತ್ರೆ ಸೇರಿದರು. ಎಪ್ಪತ್ತಾರು ವರ್ಷ. ಊರಿನ ಅರ್ಧ ಗಂಡಸರ ಗಡ್ಡ ಕೆರೆದ ಕ್ಷೌರಿಕರು. ಈಗ ಬಲಗಣ್ಣಿನೊಳಗೆ ರಕ್ತ ಸೋರಿದೆ. ಎಡಗಣ್ಣಿನ ನಡುಭಾಗ ಮೊದಲೇ ಹೋಗಿದೆ, ಅಂಚು ಮಾತ್ರ ಉಳಿದಿದೆ. ನಿನ್ನೆ ಬಸ್ ಹತ್ತುವಾಗ ನನ್ನನ್ನೇ ದಿಟ್ಟಿಸಿ ನೋಡಿ ಹೇಳಿದರು:

"ಒಗಿನೊ ಸಾನ್, ನಿಮ್ಮ ಎರಡು ಕಿವೀನೂ ಚೆನ್ನಾಗಿ ಕಾಣ್ಸುತ್ತೆ ಕಣ್ರೀ. ಮಧ್ಯದಲ್ಲಿ ಮೂಗಿದ್ಯೋ ಇಲ್ವೋ ಅದೇ ಗೊತ್ತಾಗ್ತಿಲ್ಲ."

ಅವರ ಹೆಂಡತಿ ಯಾಸುಎ ನಗಲಿಲ್ಲ. ಆಪರೇಷನ್ ಆದ ಮೇಲೆ ಎರಡು ವಾರ ಬೋರಲಾಗಿ ಮಲಗಬೇಕಂತೆ. ಡಾಕ್ಟರು ಕಣ್ಣಿಗೆ ಬೇಸಿಗೆಯವರೆಗೆ ಭರವಸೆ ಕೊಟ್ಟಿದ್ದಾರೆ. ಆಮೇಲಿನದನ್ನು ಹೇಳಿಲ್ಲ.

ಇವತ್ತು ದೆವ್ವ ಓಡಿಸುವ ದಿನ. ವಯಸ್ಸಿಗೆ ಒಂದರಂತೆ ಹುರಿದ ಸೋಯಾ ಕಾಳು ತಿನ್ನಬೇಕು. ನನಗೆ ಅರವತ್ತೆರಡು. ನಲವತ್ತನೆಯ ಕಾಳಿಗೇ ದವಡೆ ಸೋತಿತು. ಜೀವಮಾನವೆಲ್ಲ ಲ್ಯಾಬಿನಲ್ಲಿ ಕೂತು ಪರರಿಗೆ ಕಟ್ಟುಹಲ್ಲು ಮಾಡಿದವಳ ಗತಿ ಇದು.

ಅದೇ ದಿನ, ಸಂಜೆ

ಕುಜೆ ಬರೆಸಿ ಹೋದ ಲೇಖನ ಟೈಪ್ ಮಾಡಿದೆ. ಊರಿನ ಇತಿಹಾಸ ಕೊಠಡಿಯವರು ಪುಸ್ತಿಕೆಯಾಗಿ ಅಚ್ಚು ಹಾಕಿಸುತ್ತಾರೆ. ಅಲ್ಲಿನ ಮುಕಾಯಿ ಸಾನ್ ಹೇಳಿರುವ ಗಡುವು ತಿಂಗಳ ಕೊನೆ. ಒಂಬತ್ತು ವರ್ಷದ ಕೆಲಸ. ಅಚ್ಚಾದದ್ದನ್ನು ಸ್ವಂತ ಕಣ್ಣಿನಿಂದ ಓದಬೇಕು ಅನ್ನುವುದೊಂದೇ ಅವರ ಹಟ. ನನ್ನದೂ ಅದೇ.

ಮುಖ್ಯ ಭಾಗ ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ. "ಗರಗಸದ ಹಲ್ಲುಗಳಿಗೆ ಅರ ಹಾಕಿ ಮಸೆಯುವವನು ಹಿಡಿಯನ್ನು ತನ್ನ ಎಡಕ್ಕಿಟ್ಟುಕೊಂಡು ಕೂರುತ್ತಾನೆ. ಕಮ್ಮಾರನ ಮುದ್ರೆ ಅವನ ಕಡೆ ಮುಖ ಮಾಡಿರುತ್ತದೆ. ಎರಡು ಹಲ್ಲುಗಳ ಸಂದಿನಲ್ಲಿ ಅರವನ್ನು ಮುಂದಕ್ಕೆ ತಳ್ಳಿದಾಗ ಅದು ಆಚೆ ಬದಿಯಲ್ಲಿ ಕೂದಲೆಳೆಯಷ್ಟು ಬಗ್ಗುತ್ತದೆ. ಆದ್ದರಿಂದ ಸಂದುಗಳೆಲ್ಲ ಮುದ್ರೆಯಿಂದ ಆಚೆಗೆ ಇಳಿಜಾರು. ನಾವು ಕಂಡ ಆರು ಗರಗಸಗಳಲ್ಲಿ ಮಾತ್ರ ಹಿಡಿಯ ಕಡೆಯ ಅರ್ಧ ಮುದ್ರೆಯ ಕಡೆಗೇ ಇಳಿಜಾರು. ಇದನ್ನು ಮಸೆದವನು ಹಿಡಿಯನ್ನು ಬಲಕ್ಕಿಟ್ಟುಕೊಂಡು ಕೂತಿದ್ದ. ಅಂದರೆ ಎಡಚ. ಮೂತಿಯ ಕಡೆಯ ಅರ್ಧವನ್ನು ಅವನ ನಂತರ ಬೇರೆ ಯಾರೋ ತಿದ್ದಿದ್ದಾರೆ."

ಎಡಚ. ಒಂಬತ್ತು ವರ್ಷದಿಂದ ನಮ್ಮ ಜೊತೆ ಚಹಾ ಕುಡಿಯುವ ಮೂರನೆಯವನು. ಹೆಸರಿಲ್ಲ, ಮುಖವಿಲ್ಲ. ಮದುವೆಯಾಗಿದ್ದನೇ ಎಂದು ಕುಜೆ ಒಮ್ಮೆ ಗಂಟೆಗಟ್ಟಲೆ ವಾದಿಸಿದ್ದರು.

ಫೆಬ್ರವರಿ 6, ಮಂಗಳವಾರ

ತ್ಸುಚಿಯಾಮಾ ಊರಿನಿಂದ ಫೋನು. ಹಳೆಯ ಮನೆ ಕೆಡವುತ್ತಿದ್ದಾರೆ, ಅಟ್ಟದಲ್ಲಿ ಒಂದು ಗರಗಸ ಸಿಕ್ಕಿದೆ, ಬೇಕಾದರೆ ಒಯ್ಯಿರಿ. ಪುಟ್ಟ ಟ್ರಕ್ಕಿನಲ್ಲಿ ಹೋಗಿ ತಂದೆ. ಮನೆಯಾಕೆ ಒಂದು ಪೊಟ್ಟಣ ಚಹಾ ಸೊಪ್ಪನ್ನೂ ಕೊಟ್ಟಳು.

ಒಳ್ಳೆಯ ಗರಗಸ. ಎಣ್ಣೆಕಾಗದದಲ್ಲಿ ಸುತ್ತಿಟ್ಟಿದ್ದರು. ಮೂವತ್ತೈದು ಸಂದು. ಒಂದು ಹಲ್ಲೂ ಮುರಿದಿಲ್ಲ. ಹಿಡಿಯ ಕಡೆ ಎಣ್ಣೆಯೂ ಅಟ್ಟದ ಮಸಿಯೂ ಸೇರಿ ಟಾರು ಮೆತ್ತಿದ ಹಾಗಿದೆ. ಮುದ್ರೆ ನೋಡಿದೆ — ಮಿಕಿ ಊರಿನದು. ಎಡಚನ ಆರೂ ಗರಗಸಗಳ ಮೇಲಿರುವುದು ಕೊಕಾದ ಮುದ್ರೆ. ಇದು ನಮ್ಮವನದಲ್ಲ. ಆದರೂ ಕಾಯಬೇಕು. ಇಬ್ಬರೂ ನೋಡದೆ ಯಾವ ಗರಗಸಕ್ಕೂ ಅರ ಮುಟ್ಟಿಸಬಾರದು — ಮೊದಲ ವರ್ಷವೇ ನಾವು ಮಾಡಿಕೊಂಡ ಕಟ್ಟಳೆ. ಶೆಡ್ಡಿನ ಬಾಗಿಲ ಮೇಲೆ ಕುಜೆಯವರ ಕೈಬರಹದಲ್ಲಿ ಅಂಟಿದೆ.

ಫೆಬ್ರವರಿ 10, ಶನಿವಾರ

ಕುಜೆ ಫೋನ್ ಮಾಡಿದ್ದರು. ಬೋರಲು ಮಲಗಿಕೊಂಡೇ. ಧ್ವನಿ ದಿಂಬಿನೊಳಗಿಂದ ಬರುತ್ತಿತ್ತು. ನರ್ಸಮ್ಮನ ಚಪ್ಪಲಿ ಬಿಟ್ಟರೆ ಈ ಲೋಕದಲ್ಲಿ ಬೇರೇನೂ ಕಾಣುತ್ತಿಲ್ಲವಂತೆ. ಮಾರ್ಚ್ ಇಪ್ಪತ್ತಕ್ಕೆ ಇತಿಹಾಸ ಕೊಠಡಿಯ ಅಂಗಳದಲ್ಲಿ ದಿಮ್ಮಿ ಕೊಯ್ದು ತೋರಿಸುವ ಕಾರ್ಯಕ್ರಮ ಇದೆಯಲ್ಲ, ಅದರ ಮಾತೆತ್ತಿದರು. ನಾವು ಬಳಸುವುದು ಮೊಂಡ ಒಂದೇ, ಅವನು ಕೊಯ್ಯುವುದಿಲ್ಲ, ಬರೀ ಉಜ್ಜುತ್ತಾನೆ ಅಂದರು. ಆಮೇಲೆ, "ಕಣ್ಣು ಹೋದ್ರೂ ಕಿವಿ ಇದೆ. ಒಂದ್ಸಲ ಸರಿಯಾಗಿ ಮಸೆದ ಗರಗಸ ಮರ ಸೀಳೋ ಸದ್ದು ಕೇಳ್ಬೇಕ್ರೀ," ಅಂದರು.

ಮಿಕಿಯ ಗರಗಸದ ಸುದ್ದಿ ಹೇಳಲಿಲ್ಲ. ಹೇಳಬೇಕಿತ್ತು ಅಂತ ಅನ್ನಿಸುತ್ತಿಲ್ಲ. ಅವರು ವಾಪಸ್ ಬರುವಷ್ಟರಲ್ಲಿ ಅದು ಕೊಯ್ಯುವ ಹಾಗಿರಬೇಕು. ನಿರ್ಧಾರ ಆಯಿತು.

ಫೆಬ್ರವರಿ 11, ಭಾನುವಾರ. ಒಂಬತ್ತು ಗಂಟೆ

ಶುರು. ಮೂತಿಯ ಕಡೆ ಐದು ಸಂದು ಭೂತಗನ್ನಡಿಯಲ್ಲಿ ನೋಡಿದೆ. ಮಾಮೂಲಿ ಇಳಿಜಾರು, ಮುದ್ರೆಯಿಂದ ಆಚೆಗೆ. ಮುದ್ರೆ ಹೇಗೂ ಮಿಕಿಯದು. ಹಿಡಿಯ ಕಡೆ ಒಂದೊಂದೇ ಸಂದಿನ ಟಾರನ್ನು ಸೀಮೆಎಣ್ಣೆಯಲ್ಲಿ ಒರೆಸುವುದು, ಅರ ಹಾಕುವುದು. ಕಟ್ಟಳೆಯ ಕಾಗದದ ಕಡೆ ನೋಡಲಿಲ್ಲ.

ಅದೇ ದಿನ. ಮಧ್ಯಾಹ್ನ ಒಂದೂವರೆ

ಒಂಬತ್ತು ಸಂದು ಮುಗಿಸಿ ಅನ್ನದ ಉಂಡೆ ತಿಂದು ಬಂದೆ. ಹತ್ತನೆಯದನ್ನು ಒರೆಸಿದೆ. ಆಗ ತಾನೇ ಕಿಟಕಿಯಿಂದ ಬಿಸಿಲು ಬಂದಿತ್ತು. ಹೊಳಪು ಬೀಳಬಾರದ ಕಡೆ ಬಿತ್ತು.

ಭೂತಗನ್ನಡಿ ಹಿಡಿದೆ. ಮುದ್ರೆಯ ಕಡೆಗೆ ಇಳಿಜಾರು. ಹನ್ನೊಂದನೆಯದನ್ನು ಒರೆಸಿದೆ. ಅದೂ. ಹದಿನೇಳರವರೆಗೂ ಹಾಗೇ.

ಎಡಚ. ಏಳನೆಯ ಗರಗಸ. ಬೇರೆ ಊರಿನ ಕಮ್ಮಾರನದು — ಅಂದರೆ ಎಡಚ ಒಬ್ಬ ಕಮ್ಮಾರನಿಗೆ ಅಂಟಿಕೊಂಡವನಲ್ಲ ಅನ್ನುವುದಕ್ಕೆ ಕುಜೆ ಒಂಬತ್ತು ವರ್ಷದಿಂದ ಹುಡುಕುತ್ತಿದ್ದ ಸಾಕ್ಷಿ. ಯಾರೂ ಮುಟ್ಟದೆ ಕಾಗದದಲ್ಲಿ ಕಾಪಾಡಿಟ್ಟದ್ದು. ಅದರ ಒಂಬತ್ತು ಸಂದುಗಳನ್ನು ನಾನು ಬೆಳಗ್ಗೆ ಕೂತು, ಹಾಡು ಗುನುಗುತ್ತ, ಅರ ಹಾಕಿ ಅಳಿಸಿಬಿಟ್ಟಿದ್ದೇನೆ.

ಫೆಬ್ರವರಿ 12, ಸೋಮವಾರ

ಏನೂ ಬರೆಯಲಾರೆ.

ಫೆಬ್ರವರಿ 13, ಮಂಗಳವಾರ

ಕುಜೆಯವರ ಫೋನು. ತ್ಸುಚಿಯಾಮಾದ ಮನೆಯಾಕೆ ಯಾಸುಎಗೆ ಹೇಳಿದ್ದಾಳೆ, ಯಾಸುಎ ಅವರಿಗೆ ಹೇಳಿದ್ದಾರೆ. ಮುದ್ರೆ ಯಾವುದು ಅಂತ ಕೇಳಿದರು. ಮಿಕಿ ಅಂದೆ. ಹಿಡಿಯ ಕಡೆ ಏನು ಕಂಡಿತು ಅಂತ ಕೇಳಿದರು.

"ಇನ್ನೂ ಒರೆಸಿಲ್ಲ," ಅಂದೆ.

"ಒರೆಸ್ಬೇಡಿ. ನಾನು ಬಂದ್ಮೇಲೆ ಇಬ್ರೂ ಸೇರಿ ನೋಡೋಣ."

ಪರಿಚಯವಾದ ಹನ್ನೊಂದು ವರ್ಷದಲ್ಲಿ ಅವರಿಗೆ ಹೇಳಿದ ಮೊದಲ ಸುಳ್ಳು.

ಅವರು ಬರುವುದು ಇಪ್ಪತ್ತಕ್ಕೆ. ಏಳು ದಿನ. ನನ್ನ ಕಸುಬೇನು? ಇಲ್ಲದ ಹಲ್ಲನ್ನು ಇದ್ದ ಹಾಗೆ ಮಾಡುವುದು. ಪಕ್ಕದ ಹಲ್ಲಿನ ಬಣ್ಣ, ಸವೆತ, ಚಹಾದ ಕಲೆಯವರೆಗೆ ಹೊಂದಿಸಿ ಕೊಟ್ಟಿದ್ದೇನೆ. ಹಾಕಿಕೊಂಡವರ ಗಂಡಂದಿರಿಗೇ ಗೊತ್ತಾಗಿಲ್ಲ. ಒಂಬತ್ತು ಸಂದು ಮಾಡಲಾರೆನೇ?

ಫೆಬ್ರವರಿ 15, ಗುರುವಾರ

ಲ್ಯಾಬಿನಿಂದ ಅಚ್ಚು ತೆಗೆಯುವ ಗುಲಾಬಿ ಪೇಸ್ಟ್ ತಂದೆ. ಉಳಿದ ಎಂಟು ಸಂದುಗಳ ಅಚ್ಚು ತೆಗೆದು ಪ್ಲಾಸ್ಟರ್ ಹೊಯ್ದೆ. ಒಣಗಿದ ಮೇಲೆ ಸೀಳಿ ಇಳಿಜಾರನ್ನು ಅಳೆದೆ. ಎಂಟೂ ಹೆಚ್ಚುಕಡಿಮೆ ಒಂದೇ. ಎಂಥ ಕೈ ಅದು. ಅವಸರವೇ ಇಲ್ಲ.

ಮೊಂಡನ ಮೇಲೆ ಎಡಗೈಯಲ್ಲಿ ಅಭ್ಯಾಸ. ಹಿಡಿ ಬಲಕ್ಕೆ, ಅರ ಎಡಗೈಗೆ. ಹನ್ನೆರಡು ಸಂದು ಹಾಕಿದೆ, ಹನ್ನೆರಡೂ ಬಾಯಿ ಬಿಟ್ಟ ಕಪ್ಪೆಗಳು. ಹೆಬ್ಬೆರಳು ಕುಯ್ದುಕೊಂಡೆ. ನಾಳೆ ಮತ್ತೆ.

ಫೆಬ್ರವರಿ 16, ಶುಕ್ರವಾರ

ಮತ್ತೆ. ಆಗಲಿಲ್ಲ. ಎಡಗೈಯಲ್ಲಿ ಅನ್ನ ತಿಂದೆ, ಹಲ್ಲುಜ್ಜಿದೆ, ಕಸ ಗುಡಿಸಿದೆ. ಲ್ಯಾಬಿನಲ್ಲಿ ಎಡಗೈಯಲ್ಲಿ ಮೇಣ ಕೆತ್ತಲು ಹೋಗಿ ಬೈಸಿಕೊಂಡೆ. ಬಿಡುವುದಿಲ್ಲ.

ಒಂದು ವಿಷಯ ಕಾಡುತ್ತಿದೆ. ಹಿಡಿ ಬಲಕ್ಕಿದ್ದಾಗ ಎಡಗೈಗೆ ಸಲೀಸಾಗುವುದು ಮೂತಿಯ ಕಡೆಯ ಅರ್ಧ. ಹಿಡಿಯ ಕಡೆಯ ಅರ್ಧ ಮಾಡಬೇಕೆಂದರೆ ಕೈ ಎದೆಯನ್ನು ದಾಟಿ ಹೋಗಬೇಕು, ಮೈ ತಿರುಚಬೇಕು. ಎಡಚನ ಕೆಲಸ ಉಳಿದಿರುವುದೆಲ್ಲ ಆ ಕಷ್ಟದ ಅರ್ಧದಲ್ಲೇ ಯಾಕೆ?

ಫೆಬ್ರವರಿ 18, ಭಾನುವಾರ. ಬೆಳಿಗ್ಗೆ ಹತ್ತೂವರೆ

ಅರ ಕೆಳಗಿಟ್ಟ ತಕ್ಷಣ ಬರೆಯುತ್ತಿದ್ದೇನೆ.

ಎಡಗೈ ಊದಿಕೊಂಡಿತ್ತು. ಸಿಟ್ಟಿಗೆ ಅರವನ್ನು ಬಲಗೈಗೆ ತೆಗೆದುಕೊಂಡೆ. ಕೂತಿದ್ದ ಜಾಗ ಬದಲಿಸಲಿಲ್ಲ — ಹಿಡಿ ಬಲಕ್ಕೇ ಇತ್ತು, ಮುದ್ರೆ ಇರಬೇಕಾದ ಮುಖ ಆಚೆಗೆ. ಬಲಗೈ ತಾನಾಗಿ ಬಲಗಡೆಗೆ, ಹಿಡಿಯ ಕಡೆಯ ಸಂದುಗಳಿಗೆ ಹೋಯಿತು. ನಾಲ್ಕು ಸಂದು ಹಾಕಿದೆ. ಅಚ್ಚು ತೆಗೆದು ಹೋಲಿಸಿದೆ.

ಅದೇ. ಕೂದಲೆಳೆ ವ್ಯತ್ಯಾಸವಿಲ್ಲ.

ಎಡಚ ಬೇಕಾಗಿಯೇ ಇಲ್ಲ. ಗರಗಸದ ಆಚೆ ಬದಿಯಲ್ಲಿ ಕೂತ ಯಾವ ಬಲಗೈಯವರೂ ಈ ಗುರುತು ಬಿಡುತ್ತಾರೆ. ಈಚೆ ಬದಿಯಲ್ಲಿ ಇನ್ನೊಬ್ಬರು. ಎದುರುಬದುರು. ಈಚೆಯವರ ಬಲಕ್ಕೆ ಮೂತಿಯ ಅರ್ಧ, ಆಚೆಯವರ ಬಲಕ್ಕೆ ಹಿಡಿಯ ಅರ್ಧ. ಮೊಣಕೈಗೆ ಮೊಣಕೈ ತಾಗುವುದಿಲ್ಲ. ಒಂದೇ ಗರಗಸ, ಒಂದೇ ಹೊತ್ತು, ಇಬ್ಬರು.

ಅದೇ ದಿನ. ಮಧ್ಯಾಹ್ನ

ನಮ್ಮ ಹಳೆಯ ನೋಟ್‌ಬುಕ್ ತೆಗೆದೆ. ಪ್ರತಿ ಗರಗಸದ ಪುಟದಲ್ಲೂ ನನ್ನದೇ ಅಕ್ಷರದಲ್ಲಿ ಒಂದು ಸಾಲು. "16ನೇ ಸಂದು ಕೆಟ್ಟಿದೆ, ಲೆಕ್ಕಕ್ಕೆ ಬೇಡ." "18ನೇ ಸಂದು ಕೆಟ್ಟಿದೆ." "17ನೇ ಸಂದು ಕೆಟ್ಟಿದೆ." ಸಂದುಗಳ ಒಟ್ಟು ಸಂಖ್ಯೆ ನೋಡಿದೆ. ಮೂವತ್ತೊಂದಿರುವುದರಲ್ಲಿ ಹದಿನಾರು. ಮೂವತ್ತೈದರಲ್ಲಿ ಹದಿನೆಂಟು. ಮೂವತ್ತಮೂರರಲ್ಲಿ ಹದಿನೇಳು. ಆರಕ್ಕೆ ಆರೂ ಸರಿಯಾಗಿ ನಟ್ಟನಡುವೆ.

ಮಿಕಿಯ ಗರಗಸದ ಹದಿನೆಂಟನೆಯ ಸಂದಿನ ಟಾರು ಒರೆಸಿದೆ. ತಳದಲ್ಲಿ ಮನೆಯ ಮಾಡಿನ ಹಾಗೆ ಏಣು. ಎರಡೂ ಬದಿಗೆ ಇಳಿಜಾರು. ಎರಡು ಅರಗಳೂ ಅಲ್ಲಿಗೆ ಬಂದಿವೆ. ಅಲ್ಲಿ ಮುಗಿಸಿ ಎದ್ದಿದ್ದಾರೆ. ಒಂಬತ್ತು ವರ್ಷ ನಾವು ಅದನ್ನು ಕೆಟ್ಟಿದೆ ಅಂತ ಬರೆದು ಪಕ್ಕಕ್ಕಿಟ್ಟೆವು.

ಅತ್ತುಬಿಟ್ಟೆ. ಯಾಕೆ ಅಂತ ಗೊತ್ತು, ಬರೆಯುವುದಿಲ್ಲ.

ಫೆಬ್ರವರಿ 19, ಸೋಮವಾರ

ಈಗ ನಿಜವಾದ ಫಜೀತಿ.

ಗುಟ್ಟು ಸಿಕ್ಕಿದೆ. ಒಂಬತ್ತು ಸಂದುಗಳನ್ನು ಈಗ ಅರ್ಧ ಗಂಟೆಯಲ್ಲಿ ಮೊದಲಿನ ಹಾಗೆ ಮಾಡಬಲ್ಲೆ. ಯಾರಿಗೂ ಗೊತ್ತಾಗದು. ಈಗಿನ ಕಣ್ಣಿನಲ್ಲಿ ಕುಜೆಯವರಿಗಂತೂ ಸಾಧ್ಯವೇ ಇಲ್ಲ. ಲೇಖನ ಗಡುವಿಗೆ ಹೋಗುತ್ತದೆ, ಏಳನೆಯ ಗರಗಸ ಕಿರೀಟವಾಗುತ್ತದೆ, ಏಪ್ರಿಲ್‌ನಲ್ಲಿ ಪುಸ್ತಿಕೆ ಕೈಗೆ ಬರುತ್ತದೆ, ಅವರು ಓದುತ್ತಾರೆ. ತಪ್ಪಾದ ಪುಸ್ತಿಕೆ. ಆದರೆ ಓದುತ್ತಾರೆ.

ಸತ್ಯ ಹೇಳಿದರೆ ಪುಸ್ತಿಕೆ ನಿಲ್ಲುತ್ತದೆ. ಮುಂದಿನ ಸರದಿ ಅಕ್ಟೋಬರ್ ಅಂತ ಮುಕಾಯಿ ಸಾನ್ ಮೊದಲೇ ಹೇಳಿದ್ದಾನೆ. ಅಷ್ಟರಲ್ಲಿ ಅವರ ಕಣ್ಣು?

ಕೈ ಹೋಗಲಿಲ್ಲ ಅಂತ ಬರೆದರೆ ಸುಳ್ಳು. ಕೈ ಹೋಯಿತು. ಆಚೆ ಬದಿಗೆ ಹೋಗಿ ಕೂತೆ. ಒಂದನೆಯ ಸಂದಿನಲ್ಲಿ ಅರ ಇಟ್ಟೆ. ಅಲ್ಲಿ ಕೂತಾಗ ಎದುರಿನ ಖಾಲಿ ಮಣೆ ಕಾಣಿಸಿತು, ಕುಜೆ ಕೂರುವ ಮಣೆ. ಇಲ್ಲದ ಎಡಚನ ಸಹಿಯನ್ನು ನಾನು ಹಾಕಬೇಕು, ಇದ್ದ ಇಬ್ಬರನ್ನು ನಾನೇ ಅಳಿಸಬೇಕು. ಒಂಬತ್ತು ಸಂದು ಅಳಿಸಿದ್ದು ಕಣ್ಣಿಲ್ಲದ ಅವಸರ. ಇದು ಕಣ್ಣು ಬಿಟ್ಟುಕೊಂಡು ಮಾಡುವುದು.

ಅರ ತೆಗೆದು ಡಬ್ಬಿಗೆ ಹಾಕಿದೆ. ಡಬ್ಬಿಗೆ ದಾರ ಸುತ್ತಿ ಗಂಟು ಹಾಕಿದೆ. ಹೇಳುತ್ತೇನೆ.

ಫೆಬ್ರವರಿ 20, ಮಂಗಳವಾರ

ಕುಜೆ ಬಂದರು. ಸ್ಟೇಷನ್ನಿಗೆ ಹೋಗಿದ್ದೆ. ಬಲಗಣ್ಣಿಗೆ ಪಟ್ಟಿ. ಯಾಸುಎ ತೋಳು ಹಿಡಿದಿದ್ದರು. ಇವತ್ತು ಹೇಳಲಿಲ್ಲ.

ಫೆಬ್ರವರಿ 22, ಗುರುವಾರ

ಇವತ್ತೂ ಹೇಳಲಿಲ್ಲ. ನಾಚಿಕೆಯಾಗಬೇಕು ನನಗೆ. ಶನಿವಾರ, ಹನ್ನೊಂದು ಗಂಟೆ, ಅವರ ಮನೆಯಲ್ಲಿ. ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಫೆಬ್ರವರಿ 24, ಶನಿವಾರ

ಹೇಳಿದೆ.

ಕ್ಷೌರದಂಗಡಿ ಮುಚ್ಚಿ ಮೂರು ವರ್ಷವಾದರೂ ಕುಜೆ ಹಗಲೆಲ್ಲ ಗಿರಾಕಿಗಳು ಕೂರುತ್ತಿದ್ದ ಕುರ್ಚಿಯಲ್ಲೇ ಕೂರುತ್ತಾರೆ, ಕನ್ನಡಿಗೆ ಬೆನ್ನು ಮಾಡಿ. ಎದುರಿನ ಬೆಂಚಿನ ಮೇಲೆ ಕೂತು ಶುರುವಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಹೇಳಿದೆ. ಮುದ್ರೆ ನೋಡಿ ಮೋಸಹೋದದ್ದು, ಒಂಬತ್ತು ಸಂದು, ಫೋನಿನ ಸುಳ್ಳು, ಗುಲಾಬಿ ಪೇಸ್ಟ್, ಎಡಗೈ, ಬಲಗೈ, ನಡುವಿನ ಸಂದು. ಪ್ಲಾಸ್ಟರಿನ ಅಚ್ಚುಗಳನ್ನು ಅವರ ಮಡಿಲಲ್ಲಿಟ್ಟೆ. ಅವರು ಮುಟ್ಟಲಿಲ್ಲ.

"ಎಷ್ಟು ಅಂದ್ರಿ?"

"ಒಂಬತ್ತು."

"ಅವುಗಳ ಅಚ್ಚು?"

"ಇಲ್ಲ. ಉಳಿದ ಎಂಟರದ್ದು ಮಾತ್ರ."

"ಬಾಗಿಲ ಮೇಲೆ ನಾನು ಬರೆದು ಅಂಟಿಸಿರೋದು ನಿಮಗೆ ಕಾಣುತ್ತಲ್ವಾ? ಕಣ್ಣು ಹೋಗಿರೋದು ನಂದು ತಾನೆ?"

ಮಡಿಲಿನಿಂದ ಜಾರುತ್ತಿದ್ದ ಅಚ್ಚೊಂದನ್ನು ಹಿಡಿದು ಮತ್ತೆ ಅಲ್ಲೇ ಇಟ್ಟೆ.

"ನಕಲು ಮಾಡೋಕೆ ಕೂತ್ರಿ. ಸರಿ. ಅದು ನಿಮ್ಮ ಕಸುಬು. ನಕಲು ಚೆನ್ನಾಗಿ ಬಂತು ಅಂತ ಈಗ ನನ್ನ ಎಡಚನ್ನೂ ಸಾಯಿಸಿದ್ರಿ. ಒಂದು ವಾರದಲ್ಲಿ ಎರಡು ಕೆಲಸ."

ಯಾಸುಎ ಚಹಾ ತಂದು ನಮ್ಮಿಬ್ಬರ ಮುಖ ನೋಡಿ ವಾಪಸ್ ತೆಗೆದುಕೊಂಡು ಹೋದರು. ಕುಜೆ ಕುರ್ಚಿಯನ್ನು ಕನ್ನಡಿಯ ಕಡೆ ತಿರುಗಿಸಿಕೊಂಡರು.

"ಬಾಗಿಲು ಹಾಕ್ಕೊಂಡು ಹೋಗಿ. ಚಳಿ ಬರುತ್ತೆ."

ಹಾಕಿಕೊಂಡು ಬಂದೆ.

ಮಾರ್ಚ್ 3, ಭಾನುವಾರ

ಎಂಟು ದಿನ. ಫೋನಿಲ್ಲ. ನಿನ್ನೆಯ ಎಣ್ಣೆ ಒಬ್ಬಳೇ ಹಚ್ಚಿದೆ. ಇವತ್ತು ನಲವತ್ತೊಂದಕ್ಕೂ ಹೊಸ ಪುಟ ಮಾಡಲು ಶುರು ಮಾಡಿದ್ದೇನೆ. ಪ್ರತಿ ಗರಗಸದ ನಡುವಿನ ಸಂದು, ಅಚ್ಚಿನೊಂದಿಗೆ. ಅವರು ಬರದಿದ್ದರೂ ಈ ಕೆಲಸ ಮುಗಿಸುತ್ತೇನೆ. ಬಂದರೆ ಸಿದ್ಧವಿರುತ್ತದೆ.

ಮಧ್ಯಾಹ್ನ ಮುಕಾಯಿ ಸಾನ್ ಸೈಕಲ್ ಮೇಲೆ ಬಂದ. ಗಡುವಿನ ಹಿಂದಿನ ದಿನ ಕುಜೆ ತಾವೇ ಫೋನ್ ಮಾಡಿ ಲೇಖನ ವಾಪಸ್ ತೆಗೆದುಕೊಂಡರಂತೆ. ಕಾರಣ ಕೇಳಿದ್ದಕ್ಕೆ, ಅದರಲ್ಲಿರುವ ಮನುಷ್ಯ ಹುಟ್ಟೇ ಇಲ್ಲ ಅಂದರಂತೆ. ಮುಕಾಯಿಗೆ ತಲೆಬುಡ ತಿಳಿಯಲಿಲ್ಲ. ನನಗೆ ತಿಳಿಯಿತು. ಶೆಡ್ಡಿನ ಹಿಂದೆ ಹೋಗಿ ಸ್ವಲ್ಪ ಹೊತ್ತು ನಿಂತೆ.

ಮಾರ್ಚ್ 9, ಶನಿವಾರ

ಎಂಟು ಗಂಟೆಗೆ ಟ್ರಕ್ಕಿನ ಸದ್ದು. ಯಾಸುಎ ಗಾಡಿ ಓಡಿಸಿಕೊಂಡು ಬಂದಿದ್ದರು. ಪಕ್ಕದಲ್ಲಿ ಕುಜೆ, ಮಡಿಲಲ್ಲಿ ಮೂಲಂಗಿ ಉಪ್ಪಿನಕಾಯಿಯ ಡಬ್ಬಿ. ನಮಸ್ಕಾರವಿಲ್ಲ, ಏನಿಲ್ಲ. ನೇರ ಶೆಡ್ಡಿಗೆ ಬಂದು ಬಾಗಿಲು ಎಳೆದರು, ಬರಲಿಲ್ಲ, ಒದ್ದರು.

ಏಳನೆಯ ಗರಗಸ ಬೇಕು ಅಂದರು. ಎರಡು ಹಲಗೆಯ ನಡುವೆ ಬಿಗಿದು ಕೊಟ್ಟೆ. ಹೆಬ್ಬೆರಳಿನ ಉಗುರನ್ನು ಒಂದನೆಯ ಸಂದಿಗಿಟ್ಟು ಒಂದೊಂದಾಗಿ ಸರಿಸುತ್ತ ಬಂದರು. ಒಂಬತ್ತಕ್ಕೆ ನಿಂತರು. ಹತ್ತಕ್ಕೆ ಹೋದರು, ಮತ್ತೆ ಒಂಬತ್ತಕ್ಕೆ ಬಂದರು.

"ಇಲ್ಲೀವರೆಗೆ ನೀವು," ಅಂದರು. "ನಿಮ್ಮದು ಸ್ವಲ್ಪ ಒರಟು."

ಹದಿನೆಂಟರಲ್ಲಿ ಉಗುರು ಬಹಳ ಹೊತ್ತು ಇತ್ತು. ಆಚೆ ಇಳಿಯಿತು, ಈಚೆ ಇಳಿಯಿತು. ಆಮೇಲೆ ಉಳಿದ ಆರನ್ನೂ ಕೇಳಿದರು. ಆರರ ನಡುವನ್ನೂ ಉಗುರಿನಲ್ಲಿ ನೋಡಿದರು. ಕೊನೆಗೆ ಗೋಡೆಗೆ ಒರಗಿ ಮೂಗಿನಲ್ಲೇ ನಕ್ಕರು.

"ಒಂಬತ್ತು ವರ್ಷ ಒಬ್ಬ ಎಡಚನ ಮದುವೆ ಬಗ್ಗೆ ಚಿಂತೆ ಮಾಡಿದ್ದೀನಲ್ರೀ ನಾನು. ಹೆಂಡತಿ ಎದುರಿಗೇ ಕೂತಿದ್ಲು."

ಹೆಂಡತಿಯೇ ಅಂತ ಏನು ಗ್ಯಾರಂಟಿ, ಅಣ್ಣತಮ್ಮ ಇರಬಹುದು, ಅಪ್ಪಮಗ ಇರಬಹುದು ಅಂದೆ. ಆಗಲೇ ಜಗಳ ಶುರು. ಯಾಸುಎ ಹಿಡಿಯ ಕಡೆಯ ಅಚ್ಚೊಂದನ್ನು ಬೆಳಕಿಗೆ ಹಿಡಿದು, ಇಷ್ಟು ತಾಳ್ಮೆ ಯಾವ ಗಂಡಸಿಗೂ ಇಲ್ಲ ಅಂತ ತೀರ್ಪು ಕೊಟ್ಟರು. ಪುಸ್ತಿಕೆಯಲ್ಲಿ "ಇಬ್ಬರು" ಅಂತ ಮಾತ್ರ ಬರೆಯುವುದೆಂದು ಒಪ್ಪಂದವಾಯಿತು. ಗೊತ್ತಿಲ್ಲದ್ದನ್ನು ಬರೆಯುವುದು ಬೇಡ. ಆ ಪಾಠ ಸಾಕು.

ಅವರು ಕ್ಷಮಿಸಿದೆ ಅನ್ನಲಿಲ್ಲ. ನಾನು ಕೇಳಲೂ ಇಲ್ಲ. ಹೋಗುವಾಗ ಉಪ್ಪಿನಕಾಯಿ ಡಬ್ಬಿ ಬಿಟ್ಟುಹೋದರು. ಬೇಕೆಂದೇ ಬಿಟ್ಟದ್ದು.

ಮಾರ್ಚ್ 10, ಭಾನುವಾರ

ಲೇಖನ ಮೊದಲಿನಿಂದ. ಕುಜೆ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ, ಓದಿ ಹೇಳುತ್ತೇನೆ, ಅವರು ಬೈದು ತಿದ್ದಿಸುತ್ತಾರೆ. ಏಳನೆಯ ಗರಗಸದ ಪುಟಕ್ಕೆ ಬಂದಾಗ ನನ್ನ ಬೆರಳು ನಿಂತಿತು. ಅವರು ನಿಲ್ಲಲಿಲ್ಲ. ಹೇಳಿದ್ದನ್ನು ಹಾಗೇ ಟೈಪ್ ಮಾಡಿದೆ: "ಒಂದರಿಂದ ಒಂಬತ್ತನೆಯವರೆಗಿನ ಸಂದುಗಳ ಮೂಲ ಗುರುತು ಈಗಿಲ್ಲ. ಅವನ್ನು ಈ ವರ್ಷದ ಫೆಬ್ರವರಿ ಹನ್ನೊಂದರಂದು ಒಗಿನೊ ಚಿಜುಎ ಮಸೆದಿದ್ದಾರೆ."

"ಹೆಸರು ಹಾಕ್ಲೇಬೇಕಾ?" ಅಂದೆ.

"ನಾಳೆ ನಮ್ಮಂಥ ಹುಚ್ಚರು ಇನ್ನಿಬ್ರು ಬರ್ತಾರೆ. ಇದ್ಯಾವುದಪ್ಪಾ ಮೂರನೇ ಕೈ ಅಂತ ಅವರು ಒಂಬತ್ತು ವರ್ಷ ತಲೆ ಕೆಡಿಸ್ಕೊಳ್ಬೇಕಾ?"

ಹಾಕಿದೆ.

ಪುಸ್ತಿಕೆ ಅಕ್ಟೋಬರ್‌ಗೆ. ಡಾಕ್ಟರು ಮೊನ್ನೆ ಬಲಗಣ್ಣಿನ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಅಂದರಂತೆ. ಹವಾಮಾನ ಹೇಳುವ ಧಾಟಿಯಲ್ಲಿ ಹೇಳಿದರು ಕುಜೆ. ನಾನು ಆ ಒಂಬತ್ತು ಸಂದು ಮುಟ್ಟದಿದ್ದರೆ ಏಪ್ರಿಲ್‌ನಲ್ಲಿ ಅವರ ಕೈಲಿ ಪುಸ್ತಿಕೆ ಇರುತ್ತಿತ್ತು. ಅದನ್ನು ಬಾಯಿ ಬಿಟ್ಟು ಹೇಳಿಯೇಬಿಟ್ಟೆ.

"ಇರ್ತಿತ್ತು. ಸುಳ್ಳು ಪುಸ್ತಿಕೆ, ದೊಡ್ಡ ಅಕ್ಷರದಲ್ಲಿ," ಅಂದರು. "ಅಕ್ಟೋಬರ್‌ಗೆ ನಂಗೆ ಕಾಣ್ಸದಿದ್ರೆ ನೀವು ಓದಿ. ಆ ಒಂಬತ್ತು ಸಂದಿನ ಸಾಲು ಮಾತ್ರ ಎರಡು ಸಲ ಓದ್ಬೇಕು. ಜೋರಾಗಿ."

ಎಷ್ಟು ಸಲ ಬೇಕಾದರೂ ಓದುತ್ತೇನೆ.

ಮಾರ್ಚ್ 13, ಬುಧವಾರ

ಏಳನೆಯದಕ್ಕೆ ಇನ್ನು ಯಾರೂ ಅರ ಮುಟ್ಟಿಸುವುದಿಲ್ಲ. ಎಣ್ಣೆಕಾಗದದಲ್ಲಿ ಸುತ್ತಿ ಮೇಲಿಟ್ಟೆ. ಇಪ್ಪತ್ತಕ್ಕೆ ದಿಮ್ಮಿ ಕೊಯ್ಯುವುದು ಮೊಂಡ. ನನ್ನ ಅಭ್ಯಾಸದ ಕಪ್ಪೆಬಾಯಿಗಳನ್ನೆಲ್ಲ ಮಟ್ಟ ಮಾಡಿ ಹೊಸದಾಗಿ ಹಲ್ಲು ತೆಗೆಯಬೇಕು. ಮೂವತ್ತಮೂರು ಸಂದು. ಇಬ್ಬರೂ ಸೇರಿ ಹಾಕೋಣ, ಆ ಇಬ್ಬರ ಹಾಗೇ, ಅಂತ ಕುಜೆ. ಕಾಣದೆ ಹೇಗೆ ಅಂತ ಯಾಸುಎ ಕೇಳಿದ್ದಕ್ಕೆ, ಗಡ್ಡ ಕೆರೆಯುವಾಗ ಗಲ್ಲದ ಅಡಿ ಯಾವತ್ತು ಕಂಡಿತ್ತು, ಬೆರಳಿನಲ್ಲೇ ತಾನೆ ನೋಡಿದ್ದು ಅಂದರು.

ಮಾರ್ಚ್ 17, ಭಾನುವಾರ. ಹನ್ನೊಂದು ಗಂಟೆ

ಶೆಡ್ಡಿನ ಬಾಗಿಲು ಇವತ್ತು ತಾನಾಗಿ ತೆರೆಯಿತು. ಚಳಿ ಬಿಟ್ಟಿದೆ.

ಎಂಟಕ್ಕೆ ಕೂತೆವು. ಮೊಂಡ ನಡುವೆ. ಹಿಡಿಯ ಕಡೆ ಅವರ ಬಲಕ್ಕೆ, ಮೂತಿಯ ಕಡೆ ನನ್ನ ಬಲಕ್ಕೆ. ಕುಜೆಯವರದು ಎಡಗೈ ಬೆರಳಿನಲ್ಲಿ ಸಂದು ಹುಡುಕಿ, ಅರ ಇಟ್ಟು, ಮೂರು ಸಲ ತಳ್ಳಿ, ಉಗುರಿನಲ್ಲಿ ನೋಡಿ, ಮುಂದಕ್ಕೆ. ನಾನು ಐದು ಮುಗಿಸುವಷ್ಟರಲ್ಲಿ ಅವರದು ನಾಲ್ಕು. ಮೊದಮೊದಲು ಅವರ ಅರ ತಳ್ಳಿದಾಗ ಗರಗಸ ನಡುಗಿ ನನ್ನ ಅರ ಜಾರುತ್ತಿತ್ತು. ಬೈದುಕೊಂಡೆವು. ಆಮೇಲೆ ಅವರು ತಳ್ಳುವಾಗ ನಾನು ಎಳೆದುಕೊಳ್ಳುವುದು, ನಾನು ತಳ್ಳುವಾಗ ಅವರು. ಯಾರೂ ಹೇಳಿಕೊಡಲಿಲ್ಲ, ತಾನಾಗಿ ಬಂತು. ಆ ಇಬ್ಬರಿಗೂ ಹೀಗೇ ಬಂದಿರಬೇಕು.

ನನ್ನ ಹದಿನಾರು ಮುಗಿಯಿತು. ಅವರದು ಇನ್ನೂ ಮೂರಿದೆ. ಹೊರಗೆ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ, ಪುಟದ ಮೇಲೆಲ್ಲ ಕಪ್ಪು ಬೆರಳಚ್ಚು. ಒಳಗಿನಿಂದ ಅರದ ಸದ್ದು ಬರುತ್ತಿದೆ. ಅವಸರವಿಲ್ಲ. ಹದಿನಾಲ್ಕು ಆಯಿತು. ಹದಿನೈದು.

ಹದಿನೇಳನೆಯದು ಇಬ್ಬರದು. ಅದನ್ನು ನಾನು ಮುಟ್ಟದೆ ಬಿಟ್ಟು ಬಂದಿದ್ದೇನೆ. ನೋಟ್‌ಬುಕ್ಕಿನ ಮೊಂಡನ ಪುಟದಲ್ಲಿ ಬರೆಯಬೇಕಾದ ಸಾಲು ಬೆಳಗ್ಗೆಯೇ ಯೋಚಿಸಿಟ್ಟಿದ್ದೇನೆ. 17ನೇ ಸಂದು —

ಸದ್ದು ನಿಂತಿತು. ಕರೆಯುತ್ತಿದ್ದಾರೆ. "ಒಗಿನೊ ಸಾನ್, ನಂದಾಯ್ತು. ಈ ಕಡೆ ಬನ್ನಿ. ನಡುವಿಂದು ಎಲ್ಲಿದೆ, ನೀವೇ ಕೈ ಹಿಡಿದು ತೋರ್ಸಿ" ಅಂತ